ದಾನಕ್ಕೂ ಮೊದಲು ಗಳಿಕೆಯ ಲೆಕ್ಕ

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳನ್ನು ಗಮನಿಸಿದರೆ ಸಾಕು, ಈ ಭಾಗದ ಬದುಕು ಯಾವುದರ ಮೇಲೆ ನಿಂತಿದೆಯೆಂಬುದು ಅರ್ಥವಾಗುತ್ತದೆ. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಮಳಿಗೆಗಳು, ಅವುಗಳನ್ನು ನಂಬಿಕೊಂಡ ಗ್ಯಾರೇಜು, ವೆಲ್ಡಿಂಗ್, ಬ್ಯಾಟರಿ, ಟಯರ್ ಮತ್ತು ಗುಜರಿ ಅಂಗಡಿಗಳು, ಹೋಟೆಲು, ಬೇಕರಿಗಳು. ಸರಕಾರಿ ನೌಕರಿಯ ಬಾಗಿಲು ಕಿರಿದಾಗಿರುವ ಸಮುದಾಯಕ್ಕೆ ಈ ಸಣ್ಣ ಉದ್ದಿಮೆಗಳೇ ಆಸರೆ. ಆದರೆ ಇವುಗಳನ್ನು ನಡೆಸುತ್ತಿರುವವರಲ್ಲಿ ಎಷ್ಟು ಮಂದಿ ಉದ್ದಿಮೆ ನಡೆಸುವ ಬಗೆಯನ್ನು ಕ್ರಮಬದ್ಧವಾಗಿ ಕಲಿತು ಬಂದಿದ್ದಾರೆ?

ನಮ್ಮ ಹುಡುಗನೊಬ್ಬ ಗ್ಯಾರೇಜಿನಲ್ಲಿ ಉಸ್ತಾದರ ಬಳಿ ಐದಾರು ವರ್ಷ ದುಡಿದು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಾನೆ. ಬಳಿಕ ಸ್ವಂತ ಗ್ಯಾರೇಜ್ ತೆರೆಯುತ್ತಾನೆ. ಅವನ ಕೈಚಳಕ ಪ್ರಶ್ನಾತೀತ. ಆದರೆ ಬಳಸಿದ ಆಯಿಲನ್ನು ಏನು ಮಾಡಬೇಕು, ಕೆಲಸಗಾರನ ಸಂಬಳವನ್ನು ಹೇಗೆ ದಾಖಲಿಸಬೇಕು, ಪಾಲುದಾರನೊಂದಿಗೆ ಒಪ್ಪಂದ ಹೇಗೆ ಬರೆಯಬೇಕು, ಮನೆಯ ಖರ್ಚನ್ನೂ ಅಂಗಡಿಯ ಹಣವನ್ನೂ ಹೇಗೆ ಬೇರ್ಪಡಿಸಬೇಕು ಎಂಬುದನ್ನು ಯಾರೂ ಅವನಿಗೆ ಹೇಳಿಕೊಟ್ಟಿರುವುದಿಲ್ಲ. ಅವನ ಉಸ್ತಾದರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ನಾವು ತಿದ್ದಿಕೊಳ್ಳಬೇಕಾದ ಒಂದು ತಪ್ಪು ಗ್ರಹಿಕೆಯಿದೆ. ವ್ಯಾಪಾರಿಯ ಸಾಮಾಜಿಕ ಹೊಣೆಗಾರಿಕೆ ಎಂದೊಡನೆ ನಮಗೆ ನೆನಪಾಗುವುದು ದಾನ. ಮಸೀದಿಯ ಕಟ್ಟಡಕ್ಕೆ ದೇಣಿಗೆ, ರಮಝಾನಿನಲ್ಲಿ ಕಿಟ್ ವಿತರಣೆ, ಬಡ ಹೆಣ್ಣುಮಕ್ಕಳ ವಿವಾಹಕ್ಕೆ ನೆರವು. ಇವೆಲ್ಲ ಪುಣ್ಯಕಾರ್ಯಗಳೇ. ಆದರೆ ಇವು ಗಳಿಸಿದ ನಂತರದ ಮಾತು. ಗಳಿಸಿದ್ದು ಹೇಗೆ ಎಂಬ ಪ್ರಶ್ನೆ ಅದಕ್ಕೂ ಮೊದಲಿನದು. ಹಮಾಲನ ಕೂಲಿಯಲ್ಲಿ ಉಳಿಸಿಕೊಂಡ ಹಣದಿಂದ ಊಟ ಹಂಚಿದರೆ ಅದು ಹಮಾಲನದೇ ಊಟವಾಗುತ್ತದೆಯಲ್ಲದೆ ಯಜಮಾನನ ದಾನವಾಗುವುದಿಲ್ಲ.

ದೇಶದ ಕಾನೂನು ಕೂಡ ಇದೇ ಹಾದಿಯಲ್ಲಿ ನಡೆದು ಬಂದಿದೆ. 2013ರ ಕಂಪೆನಿ ಕಾಯ್ದೆ ದೊಡ್ಡ ಕಂಪೆನಿಗಳು ತಮ್ಮ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದಿತು. ಅದು ಖರ್ಚಿನ ಲೆಕ್ಕ. ಆದರೆ ಕೇಂದ್ರ ಸರಕಾರವು 2011ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ಜವಾಬ್ದಾರಿಯುತ ವ್ಯವಹಾರದ ಮಾರ್ಗಸೂಚಿಯಲ್ಲಿರುವ ಒಂಬತ್ತು ತತ್ವಗಳು ಗಳಿಕೆಯ ರೀತಿಯನ್ನೇ ಪ್ರಶ್ನಿಸುತ್ತವೆ. ಕಾರ್ಮಿಕರ ಹಿತ, ಪರಿಸರದ ರಕ್ಷಣೆ, ಗ್ರಾಹಕರೊಂದಿಗೆ ಪ್ರಾಮಾಣಿಕತೆ ಅವುಗಳಲ್ಲಿ ಸೇರಿವೆ. 2022-23ರಿಂದ ಶೇರುಪೇಟೆಯ ಅಗ್ರ 1000 ಕಂಪೆನಿಗಳು ಈ ಬಗ್ಗೆ ವರದಿ ನೀಡುವುದು ಕಡ್ಡಾಯವಾಯಿತು. ಅವುಗಳಿಗೆ ವರದಿ ಬರೆಯಲು ತಜ್ಞರಿದ್ದಾರೆ. ಸಿಂಧನೂರಿನ ಸಣ್ಣ ಉದ್ಯಮಿಗೆ ಯಾರಿದ್ದಾರೆ?

ಲಿಂಗಸುಗೂರು ತಾಲೂಕಿನಲ್ಲೇ ಇರುವ ಹಟ್ಟಿ ಚಿನ್ನದ ಗಣಿಯನ್ನು ನೋಡಿ. ಅದಿರಿನಿಂದ ಚಿನ್ನ ಬೇರ್ಪಡಿಸಲು ಸಯನೈಡ್ ಬಳಸಲಾಗುತ್ತದೆ. ಅಲ್ಲಿ ಗಣಿ ಕಾನೂನಿದೆ, ಇಂಜಿನಿಯರುಗಳಿದ್ದಾರೆ, ಸುರಕ್ಷತೆಗೆ ಹೊಣೆಗಾರರಾದ ಅಧಿಕಾರಿಗಳಿದ್ದಾರೆ. ಸಣ್ಣ ಉದ್ದಿಮೆಯಲ್ಲಿ ಮಾಲಕನೇ ಇಂಜಿನಿಯರ್, ಅವನೇ ಗುಮಾಸ್ತ, ಅವನೇ ಸುರಕ್ಷತಾ ಅಧಿಕಾರಿ. ಆದ್ದರಿಂದ ತರಬೇತಿಯ ಅಗತ್ಯ ದೊಡ್ಡವನಿಗಿಂತ ಸಣ್ಣವನಿಗೇ ಹೆಚ್ಚು.

ಅಕ್ಕಿ ಗಿರಣಿಯನ್ನೇ ತೆಗೆದುಕೊಳ್ಳೋಣ. ನೂರು ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟು. ಅದನ್ನು ಉರಿಸಿದರೆ ಅದರ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ. ಹೊಗೆ ಮತ್ತು ಬೂದಿಯನ್ನು ತಡೆಯುವ ವ್ಯವಸ್ಥೆಯಿಲ್ಲದಿದ್ದರೆ ಅದು ನೆರೆಯ ಓಣಿಯ ಮನೆಗಳ ಒಳಗೂ ಮಕ್ಕಳ ಶ್ವಾಸಕೋಶದ ಒಳಗೂ ಸೇರುತ್ತದೆ. ಕುಸುಬಲಕ್ಕಿಗಾಗಿ ಭತ್ತ ನೆನೆಸಿದ ನೀರನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಅದು ಕೊಳೆತು ನಾರುತ್ತದೆ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆ ಇರುವುದು ಇದಕ್ಕಾಗಿಯೇ. ಆದರೆ ಅದೇ ಬೂದಿಯಲ್ಲಿ ಸಿಲಿಕಾ ಹೇರಳವಾಗಿದೆ. ಇಟ್ಟಿಗೆ, ಸಿಮೆಂಟ್ ತಯಾರಿಕೆಯಲ್ಲಿ ಅದಕ್ಕೆ ಉಪಯೋಗವಿದೆ. ತಿಳಿದವನು ಅದಕ್ಕೆ ಗಿರಾಕಿಯನ್ನು ಹುಡುಕುತ್ತಾನೆ, ತಿಳಿಯದವನು ಕಾಲುವೆಯ ದಂಡೆಗೆ ಸುರಿದು ನೋಟೀಸು ಪಡೆಯುತ್ತಾನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದುದನ್ನು ಯಾರೂ ಮರೆತಿರಲಾರರು. ಎಡದಂಡೆ ಕಾಲುವೆಯ ನೀರಿಲ್ಲದಿದ್ದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಗಿರಣಿಯೂ ಇಲ್ಲ, ಗ್ಯಾರೇಜೂ ಇಲ್ಲ. ಅದೇ ಕಾಲುವೆಯನ್ನು ಹೊಲಸು ಮಾಡುವ ಉದ್ದಿಮೆ ತನ್ನ ಬೇರಿಗೆ ತಾನೇ ಕೊಡಲಿ ಹಾಕಿದಂತೆ.

ಗ್ಯಾರೇಜು ಮತ್ತು ಗುಜರಿಯ ವಿಷಯ ಇನ್ನೂ ಗಂಭೀರ. ಬಳಸಿದ ಎಂಜಿನ್ ಆಯಿಲ್ ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿ ತ್ಯಾಜ್ಯ. ಹಳೆಯ ಬ್ಯಾಟರಿಯೊಳಗೆ ಸೀಸ ಮತ್ತು ಆಮ್ಲವಿದೆ. ಅದನ್ನು ಅಂಗಳದಲ್ಲಿ ಒಡೆದು ಸೀಸ ಕರಗಿಸಿದಾಗ ಏಳುವ ಧೂಳು ಕೆಲಸಗಾರನ ಬಟ್ಟೆಗೆ ಅಂಟಿ ಮನೆ ತಲುಪುತ್ತದೆ. ಸೀಸವು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಮಕ್ಕಳಿಗಾಗಿ ದುಡಿಯುತ್ತಿರುವ ತಂದೆಯೇ ತಿಳಿಯದೆ ಅವರಿಗೆ ವಿಷವನ್ನು ತಂದುಕೊಡುವುದಕ್ಕಿಂತ ದೊಡ್ಡ ದುರಂತ ಯಾವುದಿದೆ? ಇನ್ನು, 14 ವರ್ಷ ತುಂಬದವರನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದೆ. ಕುಟುಂಬದ ಉದ್ದಿಮೆಗಿರುವ ವಿನಾಯಿತಿ ಶಾಲೆಯ ಅವಧಿಯ ನಂತರ ಮಾತ್ರ, ಅದೂ ಅಪಾಯವಿಲ್ಲದ ಕೆಲಸಕ್ಕೆ ಮಾತ್ರ. "ಕೆಲಸ ಕಲಿಯಲಿ ಬಿಡಿ" ಎಂಬ ಮಾತು ಎಷ್ಟೋ ಮಕ್ಕಳ ಶಾಲೆಯನ್ನು ನುಂಗಿದೆ.

ಈ ವಿಚಾರಗಳು ನಮಗೆ ಹೊಸತೇನಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿದ್ದ ತೇವವನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆಯನ್ನು ನಮ್ಮ ಮಕ್ಕಳೂ ಬಲ್ಲರು. ಭತ್ತದ ತೇವಾಂಶದ ಮೇಲೆಯೇ ಬೆಲೆ ನಿರ್ಧಾರವಾಗುವ ಊರಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿದೆ. ಆದರೂ ಬಾಯಿಮಾತಿನ ಪಾಲುದಾರಿಕೆಯಿಂದಾಗಿ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲೇರುವುದು ನಿಂತಿಲ್ಲ. ಕೊರತೆಯಿರುವುದು ಉಪದೇಶದಲ್ಲಲ್ಲ, ಅದನ್ನು ಅಂಗಡಿಯ ದೈನಂದಿನ ರೂಢಿಯಾಗಿ ಮಾಡುವ ತರಬೇತಿಯಲ್ಲಿ.

"ಸಣ್ಣ ವ್ಯಾಪಾರಿಗೆ ಇದೆಲ್ಲ ಹೊರೆ, ಪಕ್ಕದವನು ಮಾಡದಿದ್ದರೆ ನಾನೇಕೆ ಮಾಡಲಿ?" ಎಂಬ ಆಕ್ಷೇಪ ಬರಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ಬೂದಿ ತಡೆಯುವ ಯಂತ್ರಕ್ಕೆ ಹಣ ಬೇಕು. ಒಬ್ಬನೇ ಮಾಡಿದರೆ ಅವನಿಗೆ ನಷ್ಟವಾಗಲೂಬಹುದು. ಆದ್ದರಿಂದಲೇ ಇದನ್ನು ಒಬ್ಬೊಬ್ಬರಾಗಿ ಅಲ್ಲ, ಊರಿನ ವ್ಯಾಪಾರಿಗಳೆಲ್ಲ ಜಾತಿ ಮತ ನೋಡದೆ ಒಟ್ಟಾಗಿ ಕಲಿತು ಮಾಡಬೇಕು. ಹತ್ತು ಗ್ಯಾರೇಜುಗಳ ಆಯಿಲನ್ನು ಒಂದೆಡೆ ಸಂಗ್ರಹಿಸಿದರೆ ಅಧಿಕೃತ ಮರುಸಂಸ್ಕರಣಕಾರ ಬಾಗಿಲಿಗೇ ಬಂದಾನು. ಸಂಬಳದ ಪುಸ್ತಕ ಬರೆಯುವುದಕ್ಕೆ, ಕರಾರು ಬರೆಯುವುದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಸೌಲಭ್ಯಗಳು ಇಲ್ಲವೆಂದೇನಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದಾದ್ಯಂತ ಬ್ಯಾಂಕುಗಳ ಮೂಲಕ ಉಚಿತ ಸ್ವ ಉದ್ಯೋಗ ತರಬೇತಿ ಕೇಂದ್ರಗಳು ಸ್ಥಾಪನೆಯಾದವು. ಧಾರವಾಡದಲ್ಲಿ ಉದ್ಯಮಶೀಲತಾಭಿವೃದ್ಧಿ ಕೇಂದ್ರವಿದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಪರಿಸರಕ್ಕೆ ಹಾನಿಯಾಗದಂತೆ ದೋಷರಹಿತ ಸರಕು ತಯಾರಿಸುವವರಿಗೆ ಪ್ರಮಾಣಪತ್ರ ನೀಡುವ ಕೇಂದ್ರದ 'ಝೆಡ್' ಯೋಜನೆಯನ್ನು 2022ರಲ್ಲಿ ಪರಿಷ್ಕರಿಸಿದಾಗ ಅತಿಸಣ್ಣ ಉದ್ದಿಮೆಗಳಿಗೆ ಶುಲ್ಕದಲ್ಲಿ ಶೇ. 80ರಷ್ಟು ಸಬ್ಸಿಡಿ ನಿಗದಿಪಡಿಸಲಾಯಿತು. ಇವುಗಳ ಬಾಗಿಲು ತಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಮೂರೂ ಊರುಗಳ ಜಮಾಅತ್‌ಗಳು ವ್ಯಾಪಾರಿ ಸಂಘಗಳೊಂದಿಗೆ ಸೇರಿ ವಾರಕ್ಕೊಂದು ಸಂಜೆಯಂತೆ ಮೂರು ತಿಂಗಳ ತರಗತಿಯನ್ನು ಏರ್ಪಡಿಸಲಿ. ಶಾದಿಮಹಲುಗಳು ಮದುವೆಯಿಲ್ಲದ ದಿನಗಳಲ್ಲಿ ಖಾಲಿಯೇ ಇರುತ್ತವೆ. ಲೆಕ್ಕಪತ್ರ ಮತ್ತು ಕರಾರು, ಕಾರ್ಮಿಕರ ಹಕ್ಕು ಮತ್ತು ಸುರಕ್ಷತೆ, ನೀರು ಮತ್ತು ತ್ಯಾಜ್ಯ, ತೂಕ ಮತ್ತು ಗುಣಮಟ್ಟ ಈ ನಾಲ್ಕೇ ವಿಷಯಗಳು ಸಾಕು. ಲೆಕ್ಕ ಪರಿಶೋಧಕರು, ವಕೀಲರು, ಪರಿಸರ ಅಧಿಕಾರಿಗಳು ಬಂದು ಪಾಠ ಮಾಡಲಿ. ಹಮಾಲರಿಗೂ ಒಂದು ದಿನ ಮಾತನಾಡಲು ಅವಕಾಶವಿರಲಿ. ಬಿ.ಕಾಂ. ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳು ಈ ಅಂಗಡಿಗಳ ಲೆಕ್ಕವನ್ನು ಸಮರ್ಥವಾಗಿ ನಿಭಾಯಿಸಬಲ್ಲರು. ಅವರನ್ನು ಮರೆಯದಿರೋಣ.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯ ಬೆಟ್ಟದಲ್ಲಿ ಶಾಸನವೊಂದನ್ನು ಕಂಡರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಧರ್ಮದ ಹಾದಿ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಅದನ್ನು ಸಾಧಿಸಬಲ್ಲನೆಂಬುದು ಆ ಶಾಸನದ ಆಶಯ. ಸಣ್ಣ ಅಂಗಡಿಯವನಿಗೂ ಈ ಮಾತು ಅನ್ವಯಿಸುತ್ತದೆ. ಮುಂದಿನ ರಮಝಾನಿನಲ್ಲಿ ಝಕಾತಿನ ಲೆಕ್ಕ ಹಾಕಲು ಕುಳಿತಾಗ ಕೆಲಸಗಾರರ ಬಾಕಿಯ ಪುಟವನ್ನೂ ಒಮ್ಮೆ ತೆರೆದು ನೋಡೋಣ.