ನೀಟ್ ಇರಲಿ, ಸರ್ಕಾರಿ ಕಾಲೇಜಿನವರಿಗೆ ಪಾಲೂ ಇರಲಿ

2024ರ ನೀಟ್‌ನ ಗಲಾಟೆಯೆಲ್ಲ ಮುಗಿದು ಪರಿಷ್ಕೃತ ಫಲಿತಾಂಶ ಬಂದ ಮೇಲೂ 720ಕ್ಕೆ 720 ಅಂಕ ತೆಗೆದವರು 17 ಮಂದಿ ಉಳಿದರು. ಮರುವರ್ಷ ದೇಶಕ್ಕೇ ಮೊದಲು ಬಂದ ಹುಡುಗನ ಅಂಕ 686. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾಗಿಬಿಟ್ಟರೇ? ಪೇಪರ್ ಗಟ್ಟಿಯಾಯಿತು. ಅದರ ಭೌತಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಲು ಕೂತ ನನಗೇ, ಅದೇ ವಿಷಯ ಪಾಠ ಮಾಡಿ ನಿವೃತ್ತನಾದವನಿಗೇ, ಹೊತ್ತು ಸಾಲಲಿಲ್ಲ.

ಪೇಪರ್ ಕಷ್ಟವೆಂದು ಗೋಳಾಡುವವರ ಸಾಲಿನಲ್ಲಿ ನಾನಿಲ್ಲ. ಡಾಕ್ಟರಾಗುವವರಿಗೆ ಕಷ್ಟದ ಪರೀಕ್ಷೆಯೇ ಇರಲಿ. ನನ್ನ ತಕರಾರು ಗಡಿಯಾರದ ಮೇಲೆ. 180 ನಿಮಿಷಕ್ಕೆ 180 ಪ್ರಶ್ನೆ, ತಪ್ಪಿದರೆ ಒಂದು ಅಂಕ ಕಡಿತ. ಓದಿ, ಲೆಕ್ಕ ಹಾಕಿ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದೂ ಆ ಒಂದು ನಿಮಿಷದಲ್ಲೇ. ಸೂತ್ರ ಅರ್ಥ ಮಾಡಿಕೊಂಡ ಹುಡುಗಿ ಎರಡು ನಿಮಿಷದಲ್ಲಿ ಬಿಡಿಸುವ ಲೆಕ್ಕವನ್ನು, ಅಂಥವೇ ನೂರಾರು ಮಾಡಿ ಕೈ ಪಳಗಿದವನು ನಾಲ್ಕು ಆಯ್ಕೆ ನೋಡಿಯೇ ಗುರುತಿಸುತ್ತಾನೆ. ಇಬ್ಬರಲ್ಲಿ ಯಾರು ಬುದ್ಧಿವಂತರೆಂದು ರ‍್ಯಾಂಕ್ ಹೇಳುವುದಿಲ್ಲ. ಆ ಪಳಗುವಿಕೆ ಈಗ ದುಡ್ಡು ಕೊಟ್ಟರೆ ಸಿಗುತ್ತದೆ.

ನಾನಿದ್ದದ್ದು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ. ಜೂನ್‌ನಲ್ಲಿ ತರಗತಿ ಶುರುವಾದರೆ ರಸಾಯನಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಗಣೇಶನ ಹಬ್ಬ ಹತ್ತಿರವಾಗಿರುತ್ತಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರು ಮೊದಲ ವರ್ಷವಿಡೀ ಇಂಗ್ಲಿಷ್ ಪಠ್ಯದೊಂದಿಗೇ ಗುದ್ದಾಡುವರು. ಸಿಲೆಬಸ್ ಮುಗಿಯುವಷ್ಟರಲ್ಲಿ ಬೋರ್ಡ್ ಪರೀಕ್ಷೆ ಬಾಗಿಲಿಗೆ ಬಂದಿರುತ್ತಿತ್ತು. ಮಂಗಳೂರು ಕಡೆಯ ವಸತಿ ಕಾಲೇಜುಗಳಿಗೆ ಹೋದ ನಮ್ಮೂರಿನದೇ ಮಕ್ಕಳು ಅಷ್ಟೊತ್ತಿಗೆ ವಾರವಾರವೂ ಮಾಕ್ ಟೆಸ್ಟ್ ಬರೆಯುತ್ತಿರುತ್ತಿದ್ದರು.

ನೀಟ್‌ಗೆ ಎಷ್ಟು ಸಲ ಬೇಕಾದರೂ ಕೂರಬಹುದು. ಕಾಗದದ ಮೇಲೆ ಇದು ಎಲ್ಲರಿಗೂ ಇರುವ ಅವಕಾಶ. ಎಪಿಎಂಸಿ ಹಮಾಲರೊಬ್ಬರ ಮಗಳು, ನನ್ನ ತರಗತಿಯಲ್ಲೇ ಜಾಣೆ, ಮೊದಲ ಸಲಕ್ಕೆ ಸೀಟಿನ ಹತ್ತಿರ ಬಂದು ನಿಂತಳು. ಅವರಪ್ಪ ನನ್ನನ್ನು ಕೇಳಿದ್ದು ಒಂದೇ: ‘ಇನ್ನೊಂದು ವರ್ಸ ಮನ್ಯಾಗ ಇಟ್ಕೊಂಡ್ರ ಗ್ಯಾರಂಟಿ ಐತೇನ್ರಿ ಸರ್?’ ನಾನು ಏನು ಗ್ಯಾರಂಟಿ ಕೊಡಲಿ? ಅವಳು ನರ್ಸಿಂಗ್ ಸೇರಿದಳು. ಅವಳಿಗಿಂತ ಹಿಂದಿದ್ದ ದಲ್ಲಾಳಿ ಅಂಗಡಿಯವರ ಮಗ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗಿ ಬಂದು ಈಗ ಡಾಕ್ಟರ್. ಅವನೂ ನನ್ನ ವಿದ್ಯಾರ್ಥಿಯೇ, ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟೇನಿಲ್ಲ.

ಹಾಗಂತ ಪರೀಕ್ಷೆಯನ್ನೇ ಕಿತ್ತುಹಾಕಿ ಎನ್ನಲಾರೆ. ಸಿಇಟಿಗೆ ಮುಂಚಿನ ಕ್ಯಾಪಿಟೇಷನ್ ಕಾಲವನ್ನು ಕಂಡವನು ನಾನು. 1984ರಲ್ಲೇ ಅದರ ವಿರುದ್ಧ ರಾಜ್ಯದಲ್ಲಿ ಕಾಯಿದೆ ಬಂತು, ವಸೂಲಿ ನಿಲ್ಲಲಿಲ್ಲ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಛೀಮಾರಿ ಹಾಕಿದ್ದೂ ಕರ್ನಾಟಕದ ವ್ಯವಸ್ಥೆಗೇ. ರ‍್ಯಾಂಕ್ ಪಟ್ಟಿ ಇಲ್ಲದಿದ್ದರೆ ಸೀಟು ಯಾರ ಮನೆಗೆ ಹೋಗುತ್ತದೆಂಬುದು ನಮಗೆ ಗೊತ್ತಿರುವ ಕಥೆ. ಎಂಜಿನಿಯರಿಂಗ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎನ್ನುವ ನಮ್ಮ ಲೆಕ್ಕ ನನಗೆ ಹಿಡಿಸುತ್ತದೆ. ಅಲ್ಲಿ 60 ಪ್ರಶ್ನೆಗೆ 80 ನಿಮಿಷವಾದರೂ ಇದೆ.

ವೈದ್ಯಕೀಯಕ್ಕೆ ಆ ದಾರಿಯಿಲ್ಲ, ನೀಟ್ ಅಂಕವೇ ಎಲ್ಲ. ಆದರೂ ಅದರೊಳಗೇ ತಮಿಳುನಾಡು ಒಂದು ದಾರಿ ಮಾಡಿಕೊಂಡಿತು. 2020ರ ಕಾಯಿದೆಯಂತೆ, 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪಾಸಾದವರಿಗೆ ಅಲ್ಲಿ ಶೇ 7.5 ಸೀಟು ಮೀಸಲು. ನಮ್ಮಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಇದೆ, ನಿಜ. ಆದರೆ ಎರಡೂ ನೋಡುವುದು ಹತ್ತನೆಯವರೆಗಿನ ಓದನ್ನು. ನೀಟ್‌ನ ಹಣೆಬರಹ ತೀರ್ಮಾನವಾಗುವ ಆ ಎರಡು ವರ್ಷ ಎಲ್ಲಿ ಓದಿದಿರಿ ಎಂದು ಯಾರೂ ಕೇಳುವುದಿಲ್ಲ.

2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಮಾಡಿ ದಿಲ್ಲಿಯತ್ತ ಕೈ ತೋರಿಸಿತು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಎರಡರಲ್ಲೂ ಓದಿದವರಿಗೆ ಪಾಲು ಕೊಡುವ ಮಸೂದೆ ತರಲು ದಿಲ್ಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಮುಂದಿನ ಅಧಿವೇಶನದಲ್ಲೇ ಮಂಡಿಸಿ.