ಗುಲ್ಮಾರ್ಗ್‌ನಲ್ಲಿ ಮಳೆ ಬಿದ್ದರೆ ಕೆಟ್ಟದ್ದು ಪ್ರವಾಸವಷ್ಟೇ ಅಲ್ಲ
ಇಂದಿರಾನಗರ, ಹಲಸೂರುಗಳ ಗೆಳೆಯರ ಗುಂಪುಗಳು ಮಾರ್ಚ್‌ನಲ್ಲಿ ಸ್ಕೀಯಿಂಗ್‌ಗೆಂದು ಗುಲ್ಮಾರ್ಗ್‌ಗೆ ತೆರಳುವುದು ಈಗ ಹೊಸತಲ್ಲ. ಅಲ್ಲಿ ಮೋಡ ಕವಿದು ಮಳೆ ಸುರಿದು, ತೊಯ್ದ ಹಿಮ ಸ್ಕೀ ಹಲಗೆಗೆ ಅಂಟಿಕೊಂಡರೆ, ಹಣ ದಂಡವಾಯಿತೆಂಬ ಕೊರಗಿನೊಡನೆ ಮರಳುತ್ತಾರೆ. ಕೊರಗಬೇಕಾದ ಸಂಗತಿ ಬೇರೆಯೇ ಇದೆ.

2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಬಹುತೇಕ ಬರಿದಾಗಿದ್ದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚ್‌ಗೆ ಮುಂದಕ್ಕೆ ಹೋಯಿತು. ಸಹ್ಯಾದ್ರಿಯ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಗೆಗೆ ಬಿಡುವಂತೆ, ನಡುಚಳಿಗಾಲದ ಹಿಮ ಪದರಪದರವಾಗಿ ಗಟ್ಟಿಗೊಂಡು ನಿಧಾನವಾಗಿ ಝೇಲಂ ನದಿಗೆ ನೀರುಣಿಸುತ್ತದೆ. ತಡವಾಗಿ ಬಿದ್ದ ವಸಂತದ ಹಸಿಹಿಮ ಬೇಗನೆ ಕರಗಿ ಹೋಗುತ್ತದೆ; ಅದರ ಮೇಲೆ ಮಳೆಯೂ ಸುರಿದರೆ ಕೇಳುವುದೇ ಬೇಡ. ಭತ್ತದ ಗದ್ದೆಗೂ ಸೇಬಿನ ತೋಟಕ್ಕೂ ನೀರು ಬೇಕಾದ ಹೊತ್ತಿಗೆ ಬೆಟ್ಟದ ಕಣಜ ಖಾಲಿ.

ಕೃತಕ ಹಿಮದ ಯಂತ್ರ ತರಿಸಿದರಾಯಿತು ಎನ್ನುವವರಿದ್ದಾರೆ. ಆ ಯಂತ್ರಕ್ಕೂ ನೀರು, ವಿದ್ಯುತ್ತು, ಕೊರೆಯುವ ಚಳಿ ಮೂರೂ ಬೇಕು!

2024ರ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದ ಕೆ.ಆರ್. ಪುರದವರಿಗೆ ಈ ಮಾತು ಅರ್ಥವಾಗದ್ದೇನಲ್ಲ. ಮುಂದಿನ ಸಲ ಹೊರಡುವ ಗುಂಪು ಹಿಮ ಎಷ್ಟು ಅಡಿ ಬಿದ್ದಿದೆಯೆಂದು ಕೇಳುವಾಗ, ಗುಲ್ಮಾರ್ಗ್‌ನ ಕೆಳಗಿರುವ ತಂಗ್‌ಮಾರ್ಗ್‌ನ ತೊರೆಗಳಲ್ಲಿ ನೀರೆಷ್ಟಿದೆಯೆಂದೂ ವಿಚಾರಿಸಲಿ.