ಕೊಳವೆಯ ಮುಚ್ಚದ ತುದಿ

ಹೋದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಓದುತ್ತಿರುವುದು ಕಂಪ್ಯೂಟರ್ ಇಂಜಿನಿಯರಿಂಗ್. ಮುಖ ಬಾಡಿತ್ತು.

"ಮೇಷ್ಟ್ರೇ, ಇವಳಿಗೆ ಈ ವಿದ್ಯೆ ಹತ್ತೋದಿಲ್ಲ ಅನ್ನಿಸುತ್ತೆ. ಬೇರೆ ಕೋರ್ಸಿಗೆ ಸೇರಿಸಿಬಿಡಲೇ?" ಎಂದರು ತಂದೆ.

ವಿಷಯ ಇಷ್ಟೆ: ಲ್ಯಾಬ್‌ನಲ್ಲಿ ಅವಳ ಪ್ರೋಗ್ರಾಂ ಉತ್ತರವನ್ನೂ ಕೊಡದೆ, ತಪ್ಪನ್ನೂ ತೋರಿಸದೆ ಸುಮ್ಮನೆ ನಿಂತುಬಿಡುತ್ತಿತ್ತು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟತೊಡಗಿದರು. ಓಡುತ್ತಿರುವ ಪ್ರೋಗ್ರಾಂಗೆ ಅಲ್ಲಿ 'ಪ್ರೊಸೆಸ್' ಎಂದು ಹೆಸರು. 'ಫೋರ್ಕ್' ಎಂದು ಕರೆದರೆ ಒಂದು ಪ್ರೊಸೆಸ್ ಎರಡಾಗುತ್ತದೆ: ತಾಯಿ, ಮತ್ತು ಅದರ ಪಡಿಯಚ್ಚಿನಂಥ ಮಗು. ಯಾರು ಯಾರೆಂದು ತಿಳಿಯುವುದು ಹೇಗೆ? ಫೋರ್ಕ್ ಮಗುವಿಗೆ 0 ಕೊಡುತ್ತದೆ. ತಾಯಿಗೆ ಮಗುವಿನ ಗುರುತು ಸಂಖ್ಯೆ ಕೊಡುತ್ತದೆ.

ಇವೆರಡರ ನಡುವೆ ಮಾಹಿತಿ ಹರಿಯಲು 'ಪೈಪ್', ಅಂದರೆ ಕೊಳವೆ. ಡಗ್ಲಸ್ ಮೆಕಿಲ್‌ರಾಯ್ ಅವರ ಒತ್ತಾಸೆಯಿಂದ ಥಾಂಪ್ಸನ್ 1973ರಲ್ಲಿ ಇದನ್ನು ಯುನಿಕ್ಸ್‌ಗೆ ಸೇರಿಸಿದರು. ಒಂದು ತುದಿ ಸುರಿಯಲು, ಇನ್ನೊಂದು ಹಿಡಿಯಲು. ಇಂದಿನ ಲಿನಕ್ಸ್‌ನಲ್ಲೂ ಇವೇ ಕರೆಗಳಿವೆ.

ಅವಳ ಪ್ರೋಗ್ರಾಂನಲ್ಲಿ ತಾಯಿ ಅಂಕಗಳನ್ನು ಕೊಳವೆಗೆ ಸುರಿದು, ತನ್ನ ತುದಿ ಮುಚ್ಚಿ, 'ವೇಯ್ಟ್' ಎಂದು ಮಗುವಿಗಾಗಿ ಕಾಯಬೇಕು. ಮಗು ಹರಿವು ಮುಗಿಯುವವರೆಗೆ ಓದಿ, ಕೂಡಿ, ಮೊತ್ತ ತೋರಿಸಬೇಕು.

ಕಾಗದದ ಮೇಲೆ ಚಿತ್ರ ಬರೆಯಲು ಹೇಳಿದೆ. "ಫೋರ್ಕ್ ಆದಾಗ ಮಗುವಿನ ಕೈಗೆ ಏನೇನು ಬಂತಮ್ಮ?"

ಅವಳು ಎರಡೂ ತುದಿಗಳನ್ನು ಬರೆದಳು. ಪೆನ್ಸಿಲ್ ಅಲ್ಲೇ ನಿಂತಿತು. "ಸರ್, ಸುರಿಯುವ ತುದಿ ಮಗುವಿನ ಹತ್ತಿರವೂ ತೆರೆದೇ ಇದೆ!"

ತೊಂದರೆ ಅದೇ. ಸುರಿಯುವ ತುದಿ ಯಾರದೇ ಕೈಯಲ್ಲಿ ತೆರೆದಿರಲಿ, ಹರಿವು ಮುಗಿಯಿತೆಂದು ಸಿಸ್ಟಂ ಹೇಳುವುದಿಲ್ಲ, ಇನ್ನೂ ಬರಬಹುದಲ್ಲ! ತಾಯಿ ತನ್ನ ತುದಿ ಮುಚ್ಚಿದ್ದರೂ ಮಗು ತಾನೇ ಹಿಡಿದ ತುದಿಯಿಂದ ಬರಬಹುದಾದ ಅಂಕಕ್ಕೆ ಕಾಯುತ್ತಿತ್ತು. ತಾಯಿ ಮಗುವಿಗೆ ಕಾಯುತ್ತಿತ್ತು. ಓದುವ ಮೊದಲು ಮಗು ಆ ತುದಿಯನ್ನು ಮುಚ್ಚಬೇಕು. ಸೇರಿಸಬೇಕಾದದ್ದು ಒಂದೇ ಸಾಲು.

ಅಂದು ರಾತ್ರಿಯೇ ಫೋನ್ ಬಂತು: ಮೊತ್ತ ಸರಿಯಾಗಿ ಬಂದಿದೆ!

ವಿದ್ಯಾರ್ಥಿಗಳೇ, ಪ್ರೋಗ್ರಾಂ ಹೀಗೆ ಮೌನವಾದರೆ ಚಿತ್ರ ಬರೆದು ಕೇಳಿಕೊಳ್ಳಿ: ಯಾವ ತುದಿ ಯಾರ ಕೈಯಲ್ಲಿದೆ, ಯಾರು ಯಾರಿಗೆ ಕಾಯುತ್ತಿದ್ದಾರೆ? ಪೋಷಕರೇ, ಬಿಟ್ಟುಹೋದ ಒಂದು ಸಾಲಿಗಾಗಿ ಮಕ್ಕಳ ಬುದ್ಧಿಯನ್ನು ಅಳೆಯಬೇಡಿ. ಆ ಸಾಲನ್ನು ಹುಡುಕಲು ಅವರಿಗೆ ಒಂದಿಷ್ಟು ಸಮಯ ಕೊಡಿ.